ಡಂಪಿನ ಮೇಲೆ ಬಂದರಿಕೆ

ಕೂಡ್ಲಿಗಿಯಿಂದ ಸಂಡೂರಿನ ಕಡೆ ಹೋಗುವಾಗ ಬಯಲು ಮುಗಿದು ಗುಡ್ಡ ಶುರುವಾಗುವ ಜಾಗದಲ್ಲಿ ಮಣ್ಣಿನ ಬಣ್ಣ ಗಾಢವಾಗುತ್ತದೆ. ರಸ್ತೆಬದಿಯ ಎಕ್ಕೆಗಿಡದ ಎಲೆಯ ಮೇಲೂ ಕೆಂಪು ಧೂಳು ಕೂತಿರುತ್ತದೆ. ಕಳೆದ ಮಳೆಗಾಲದಲ್ಲಿ ಅಲ್ಲೊಂದು ಹಳೆಯ ಗಣಿಯ ಮಣ್ಣುಗುಡ್ಡೆಯ ಬುಡದಲ್ಲಿ ನಿಂತಿದ್ದೆ. ಗಣಿಯಲ್ಲಿ ದುಡಿದವರು ಇದನ್ನು ‘ಡಂಪು’ ಎನ್ನುತ್ತಾರೆ. ಅದಿರು ಸಿಗುವವರೆಗೆ ಮೇಲಿನ ಮಣ್ಣು, ಕಲ್ಲು, ಕಳಪೆ ಅದಿರಿನ ಪುಡಿಯನ್ನೆಲ್ಲ ಕಿತ್ತು ಇಳಿಜಾರಿಗೆ ಸುರಿದರೆ ಆಗುವ ಕೃತಕ ಗುಡ್ಡ ಅದು. ಒಂದು ಮಗ್ಗುಲಲ್ಲಿ ಸಾಲಾಗಿ ನೆಟ್ಟ ಸಸಿಗಳ ಒಣಗಿದ ಕಡ್ಡಿಗಳಿದ್ದವು. ಇನ್ನೊಂದು ಮಗ್ಗುಲಲ್ಲಿ ಯಾವ ಸಾಲೂ ಇಲ್ಲದೆ ಬಂದರಿಕೆ, ತಂಗಡಿ, ಕರಡದ ಹುಲ್ಲು ಎದ್ದಿದ್ದವು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ‘ಇವನ್ನ ಯಾರೂ ನೆಟ್ಟಿಲ್ಲ ಸಾರ್. ಕುರಿ ಮುಟ್ಟಲ್ಲ, ಅದುಕ್ಕೇ ಉಳ್ಕಂಡಾವೆ’ ಎಂದರು.

ಅವರ ಮಾತು ಸರಿಯಾಗಿಯೇ ಇತ್ತು. ಬಂದರಿಕೆಯ ಎಲೆ ಅಂಟಂಟು, ಕಹಿ. ತಂಗಡಿಯನ್ನೂ ದನಕುರಿ ಹೆಚ್ಚು ಮುಟ್ಟುವುದಿಲ್ಲ. ಆದರೆ ತಿನ್ನುವವರಿಲ್ಲ ಎಂಬುದಷ್ಟೇ ಒಂದು ಗಿಡ ಕಲ್ಲುಪುಡಿಯ ಮೇಲೆ ಬದುಕಲು ಸಾಕಾಗುವುದಿಲ್ಲ. ಅದರ ಬೇರಿಗೆ ಏನೋ ಸಿಗುತ್ತಿರಬೇಕು, ಬೇರು ಏನನ್ನೋ ಕೊಡುತ್ತಲೂ ಇರಬೇಕು. ಆ ಕೊಡುಕೊಳ್ಳುವಿಕೆಗೂ ಒಂದು ಚರಿತ್ರೆಯಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದೂ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಕಾಗದದ ಮೇಲೆ ಇವು ಹಲವು ಬಾರಿ ಮನೆ ಬದಲಿಸಿವೆ. 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಮದ್ರಾಸಿಗೆ ಸೇರಿದವು. 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರಿಗೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿತು. ದೊಡ್ಡ ಗಣಿಗಳಿರುವ ಸಂಡೂರು ಕೂಡ್ಲಿಗಿಯ ಪಕ್ಕದ ತಾಲ್ಲೂಕು, ಈಗಲೂ ಬಳ್ಳಾರಿ ಜಿಲ್ಲೆಯಲ್ಲೇ ಇದೆ. ಜಿಲ್ಲೆಯ ಗಡಿ ಧೂಳಿಗೂ ನೀರಿಗೂ ಗೊತ್ತಿಲ್ಲ. ತುಂಗಭದ್ರಾ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳವರೆಗೆ ಚಾಚಿದೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಆ ಹೂಳೆಲ್ಲ ಗಣಿಯದಲ್ಲ. ನದಿಯ ಇಡೀ ಜಲಾನಯನದ ಹೊಲ, ಕಾಡು, ಊರುಗಳ ಮಣ್ಣೂ ಅದರಲ್ಲಿದೆ. ಆದರೆ ಬೇರಿಲ್ಲದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಹೊರಡುತ್ತದೆ ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ತ್ಯಾಜ್ಯದ ಗುಡ್ಡೆ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ ನವಶಿಲಾಯುಗದ ಬೂದಿಗುಡ್ಡವಿದೆ. ದನ ಸಾಕಿದ ಜನ ಸೆಗಣಿಯನ್ನು ಒಟ್ಟಿ, ಸುಟ್ಟು, ಮತ್ತೆ ಒಟ್ಟಿ ಬೆಳೆಸಿದ ಗುಡ್ಡ ಅದು. ಕಬ್ಬಿಣವೂ ಇಲ್ಲಿ ಹಳೆಯದು. ತುಂಗಭದ್ರೆಯ ದಡದಲ್ಲೇ ಇರುವ, ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ವಸ್ತುಗಳನ್ನು ಕ್ರಿ.ಪೂ. 1000ದ ಆಸುಪಾಸಿನವು ಎಂದು ಗುರುತಿಸಲಾಯಿತು. ಕಬ್ಬಿಣ ಕಾಸಿದ ಕಡೆಯಲ್ಲೆಲ್ಲ ಕಿಟ್ಟ ಉಳಿಯುತ್ತದೆ. ಊರಾಚೆಯ ಹೊಲದಲ್ಲಿ ಕರಿಕಲ್ಲಿನಂತಹ ಕಿಟ್ಟದ ತುಂಡುಗಳು ನೇಗಿಲಿಗೆ ಸಿಕ್ಕಾಗ ಅದನ್ನು ಬದುವಿಗೆ ಎಸೆದು ಮುಂದೆ ಹೋಗುತ್ತಾರೆ. ಅದರ ಸಂದಿಯಲ್ಲಿ ಗರಿಕೆ ಹುಟ್ಟುತ್ತದೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಬರೆದ ವಿಸ್ತಾರವಾದ ವರದಿ 1895ರಲ್ಲಿ ಪ್ರಕಟವಾಯಿತು. ಸಂಡೂರಿನ ಬೆಟ್ಟಸಾಲಿನ ಅದಿರಿನ ಸಿರಿ ಆಗಲೇ ದಾಖಲಾಯಿತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮ್ಯಾಂಗನೀಸ್ ಅಗೆತ ಶುರುವಾಯಿತು. ಆಗ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1949ರಲ್ಲಿ ಅದು ವಿಲೀನವಾಯಿತು, 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಗಣಿ ಆರಂಭವಾಯಿತು. ಹಾರೆ ಗುದ್ದಲಿಯ ಕಾಲದಲ್ಲಿ ಗುಡ್ಡೆಗಳು ಸಣ್ಣವಿದ್ದವು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಯಂತ್ರಗಳು ಹಗಲೂ ರಾತ್ರಿ ಓಡಿದವು. ಡಂಪುಗಳು ಗುತ್ತಿಗೆಯ ಗಡಿ ದಾಟಿ ಕಾಡಿನೊಳಗೂ ಹಳ್ಳದೊಳಗೂ ಜಾರಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಮರು ಆರಂಭಿಸುವವರು ‘ಪುನಶ್ಚೇತನ ಮತ್ತು ಪುನರ್ವಸತಿ’ ಯೋಜನೆಯನ್ನು ಪಾಲಿಸಲೇಬೇಕೆಂದಿತು. ತಡೆಗೋಡೆ, ಚೆಕ್ ಡ್ಯಾಂ, ಇಳಿಜಾರಿಗೆ ಮೆಟ್ಟಿಲು, ತೆಂಗಿನ ನಾರಿನ ಹಾಸು, ಸಸಿ ನೆಡುವುದು – ಎಲ್ಲ ಅದರಲ್ಲಿ ಬಂತು.

ಡಂಪನ್ನು ಮಣ್ಣು ಎಂದು ಕರೆಯುವುದು ಅಭ್ಯಾಸಬಲ. ಕಾಡಿನ ಮೇಲ್ಮಣ್ಣಿನಲ್ಲಿ ಕೊಳೆತ ಎಲೆ, ಶಿಲೀಂಧ್ರದ ಎಳೆ, ಎರೆಹುಳ, ಎಣಿಕೆಗೆ ಸಿಗದಷ್ಟು ಸೂಕ್ಷ್ಮಜೀವಿಗಳು ಇರುತ್ತವೆ. ಡಂಪಿನಲ್ಲಿ ಇರುವುದು ಆಳದಿಂದ ಬಂದ ಖನಿಜದ ಪುಡಿ. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ರಂಜಕ ಇದ್ದರೂ ಕಬ್ಬಿಣದ ಆಕ್ಸೈಡು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ನೀರು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಮೇಲ್ಮೈ ಹೆಂಚಿನಂತೆ ಕಾಯುತ್ತದೆ. ಮ್ಯಾಂಗನೀಸ್ ಗಿಡಕ್ಕೆ ತುಸು ಬೇಕು. ಆದರೆ ಮಣ್ಣು ಆಮ್ಲೀಯವಾದರೆ ಅಥವಾ ನೀರು ನಿಂತು ಗಾಳಿಯಾಡದಿದ್ದರೆ ಅದು ಕರಗಿ ವಿಷವಾಗುವ ಮಟ್ಟಕ್ಕೆ ಏರಬಲ್ಲದು.

ಇಂತಹ ಕಡೆ ಮೊದಲು ಇರುವವರು ಗಿಡಗಳಲ್ಲ, ಕಲ್ಲನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು. ಕಬ್ಬಿಣ, ಗಂಧಕ, ಮ್ಯಾಂಗನೀಸ್‌ಗಳ ರಾಸಾಯನಿಕ ಬದಲಾವಣೆಯಿಂದಲೇ ಕೆಲವು ಶಕ್ತಿ ಪಡೆಯುತ್ತವೆ. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1880ರ ದಶಕದಲ್ಲಿ ಇಂಥ ಜೀವನಕ್ರಮವನ್ನು ಮೊದಲು ಗುರುತಿಸಿದ. 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ ಬೇರಿನ ಸುತ್ತಲಿನ ಮಣ್ಣು ಉಳಿದ ಮಣ್ಣಿನಂತಲ್ಲ ಎಂದು ಕಂಡು ಅದಕ್ಕೆ ‘ರೈಜೋಸ್ಪಿಯರ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಬೇರುವಲಯ ಎನ್ನೋಣ. ಈ ಎರಡು ತಿಳಿವಳಿಕೆಗಳ ನಡುವೆ ಡಂಪಿನ ಕತೆ ನಡೆಯುತ್ತದೆ.

ಗಿಡ ತಾನು ಬಿಸಿಲಿನಲ್ಲಿ ಅಡಿಗೆ ಮಾಡಿದ್ದರಲ್ಲಿ ಒಂದು ಪಾಲನ್ನು ಬೇರಿನಿಂದ ಹೊರಗೆ ಚೆಲ್ಲುತ್ತದೆ: ಸಕ್ಕರೆ, ಸಾವಯವ ಆಮ್ಲ, ಅಂಟು. ಅದನ್ನು ಉಣ್ಣುವ ಸೂಕ್ಷ್ಮಜೀವಿಗಳು ಬೇರಿನ ಸುತ್ತ ಸೇರುತ್ತವೆ. ಕಲ್ಲುಣ್ಣುವವರ ಕೇರಿಯಲ್ಲಿ ಎಲೆ-ಬೇರು ಉಣ್ಣುವವರು ಬಂದು ನೆಲೆಸಿದಂತೆ. ಹೀಗೆ ಬಂದವರಲ್ಲಿ ಕೆಲವರು ಕಬ್ಬಿಣ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಡುತ್ತಾರೆ. ಕೆಲವರು ಕರಗಿದ ಮ್ಯಾಂಗನೀಸನ್ನು ಮತ್ತೆ ಕರಗದ ರೂಪಕ್ಕೆ ತಿರುಗಿಸುತ್ತಾರೆ. ಕೆಲವರ ಮೈಯಂಟು ಲೋಹದ ಕಣಗಳನ್ನು ಹಿಡಿದಿಟ್ಟು, ಪುಡಿಯನ್ನು ಹೆಂಟೆಯಾಗಿಸುತ್ತದೆ. ಬೇರಿನೊಳಗೆ ಮನೆ ಮಾಡುವ ಮೈಕೊರೈಜಾ ಶಿಲೀಂಧ್ರಗಳು ತಮ್ಮ ಎಳೆಗಳನ್ನು ಬೇರು ತಲುಪದ ಕಡೆಗೂ ಹರಡಿ ನೀರು, ರಂಜಕ ತಂದುಕೊಡುತ್ತವೆ. ಹೆಚ್ಚಾದ ಲೋಹವನ್ನು ಗಿಡದ ಮೇಲ್ಭಾಗಕ್ಕೆ ಹೋಗದಂತೆ ತಮ್ಮಲ್ಲೇ ತಡೆಯುವುದೂ ಉಂಟು.

ಎಲ್ಲ ಗಿಡಗಳೂ ಒಂದೇ ಬಗೆಯ ನೆಂಟರನ್ನು ಕರೆಯುವುದಿಲ್ಲ. ಹುಲ್ಲಿನ ಬೇರು ತೆಳ್ಳಗೆ ಹರಡಿ ಮೇಲ್ಪದರವನ್ನು ಹೆಣೆಯುತ್ತದೆ, ಬೇಗ ಸಾಯುತ್ತದೆ, ಬೇಗ ಕೊಳೆಯುತ್ತದೆ. ಬಂದರಿಕೆಯ ಅಂಟಿನ ಎಲೆ ನಿಧಾನವಾಗಿ ಕೊಳೆಯುತ್ತದೆ. ಅಂಥದ್ದನ್ನು ಜೀರ್ಣಿಸುವುದು ಹೆಚ್ಚಾಗಿ ಶಿಲೀಂಧ್ರಗಳ ಕೆಲಸ. ಜಾಲಿಯ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುತ್ತವೆ. ತಂಗಡಿ ಅದೇ ಬೇಳೆಕಾಳಿನ ಬಳಗದ್ದಾದರೂ ಅದರ ಕುಲದ ಗಿಡಗಳಿಗೆ ಸಾಮಾನ್ಯವಾಗಿ ಬೇರಗಂಟು ಕಟ್ಟುವುದಿಲ್ಲ. ಕಾಯಿ ನೋಡಿ ನಂಟು ಹೇಳುವ ನಮಗೆ ಬೇರು ಬೇರೆಯೇ ಲೆಕ್ಕ ಹೇಳುತ್ತದೆ. ಆದರೆ ಗಿಡವೂ ತನಗೆ ಬೇಕಾದ ಜೀವಿಗಳನ್ನು ಶೂನ್ಯದಿಂದ ತರಲಾರದು. ಪಕ್ಕದ ಕಾಡಿನ ಧೂಳು, ಹಕ್ಕಿಯ ಹಿಕ್ಕೆ, ಕುರಿಯ ಪಿಕ್ಕೆ, ಗೊರಸಿಗಂಟಿದ ಮಣ್ಣು – ಇವು ತಂದದ್ದರಲ್ಲಿ ಬೇರು ಆರಿಸಿಕೊಳ್ಳುತ್ತದೆ. ಆದ್ದರಿಂದಲೇ ಕಾಡಿನಂಚಿನ ಡಂಪು ಬೇಗ ಹಸಿರಾಗುವುದು. ಕಾಡೇ ಉಳಿಯದಿದ್ದರೆ ಡಂಪಿಗೆ ಬೀಜವೂ ಇಲ್ಲ, ಬೇರಿಗೆ ನೆಂಟರೂ ಇಲ್ಲ.

ಗಿಡ ನೋಡಿ ನೆಲದೊಳಗಿನದನ್ನು ಓದುವುದು ನಮಗೆ ಹೊಸ ವಿದ್ಯೆಯಲ್ಲ. 11ನೆಯ ಶತಮಾನದಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಮರಗಿಡಗಳ ಗುರುತಿನಿಂದ ಅಂತರ್ಜಲ ಪತ್ತೆ ಹಚ್ಚುವ ಅಧ್ಯಾಯವೇ ಇದೆ. ಯುರೋಪಿನಲ್ಲಿ ಸತುವಿನ ನೆಲದಲ್ಲಿ ಬೆಳೆಯುವ ಹಳದಿ ವಯೊಲಾ ಹೂವು ಅದಿರಿನ ಗುರುತಾಗಿತ್ತು. 1952ರಲ್ಲಿ ಎ.ಡಿ. ಬ್ರಾಡ್‌ಶಾ ಎಂಬ ಸಸ್ಯವಿಜ್ಞಾನಿ ವೇಲ್ಸ್‌ನ ಹಳೆಯ ಗಣಿಯ ತ್ಯಾಜ್ಯದ ಮೇಲಿನ ಹುಲ್ಲನ್ನೂ ಹತ್ತಿರದ ಹುಲ್ಲುಗಾವಲಿನ ಅದೇ ಜಾತಿಯ ಹುಲ್ಲನ್ನೂ ಹೋಲಿಸಿ, ಗಣಿಯ ಹುಲ್ಲು ಸೀಸ ಮತ್ತು ಸತುವಿನ ವಿಷವನ್ನು ತಾಳುವ ಗುಣ ಪಡೆದಿದೆ ಎಂದು ತೋರಿಸಿದ. ಕಣ್ಣಿಗೆ ಎರಡೂ ಒಂದೇ ಹುಲ್ಲು, ಒಳಗೆ ಬೇರೆ. ಡಂಪಿನ ಮೇಲೆ ತಾನಾಗಿ ಹುಟ್ಟಿದ ಗಿಡದ ಬೀಜಕ್ಕೂ ನರ್ಸರಿಯಿಂದ ತಂದ ಸಸಿಗೂ ಇರುವ ವ್ಯತ್ಯಾಸ ಅರ್ಥವಾಗಲು ಈ ಒಂದು ಉದಾಹರಣೆ ಸಾಕು.

ಎಲ್ಲ ತ್ಯಾಜ್ಯವೂ ಸಂಡೂರಿನ ಡಂಪಿನಷ್ಟು ಸೌಮ್ಯವಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು ಸೈನೈಡ್‌ನಿಂದ ಚಿನ್ನ ತೆಗೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ 3 ಕೋಟಿ ಟನ್ನಿಗೂ ಹೆಚ್ಚು ಹಿಟ್ಟು ಊರಿನ ನಡುವೆ ಗುಡ್ಡಗಳಾಗಿ ನಿಂತಿತ್ತು. ಜನ ಅವನ್ನು ಇಂದಿಗೂ ಸೈನೈಡ್ ಗುಡ್ಡ ಎನ್ನುತ್ತಾರೆ. ಸೈನೈಡನ್ನು ಬಿಸಿಲೂ ಕೆಲವು ಬ್ಯಾಕ್ಟೀರಿಯಾಗಳೂ ಕಾಲಕ್ರಮೇಣ ಒಡೆಯಬಲ್ಲವು. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು. ಅದು ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಇಲ್ಲವಾಗುವುದಿಲ್ಲ. ‘ಗಿಡ ನೆಟ್ಟರೆ ವಿಷ ಹೋಗುತ್ತದೆ’ ಎಂಬ ಮಾತನ್ನು ಕೇಳಿದಾಗ ಇದು ನೆನಪಿರಬೇಕು. ಲೋಹವನ್ನು ಎಲೆಗೆ ಏರಿಸಿಕೊಳ್ಳುವ ಗಿಡವನ್ನು ಆಡು ತಿಂದರೆ ಲೋಹ ಆಡಿಗೆ ಬಂದಂತೆ. ಹೆಚ್ಚಿನ ಕಡೆ ನಮಗೆ ಬೇಕಾದದ್ದು ಲೋಹವನ್ನು ಬೇರಿನಲ್ಲೇ, ಮಣ್ಣಿನಲ್ಲೇ ಕಟ್ಟಿಹಾಕುವ ಗಿಡ. ಆಗ ಕುರಿ ಮುಟ್ಟದ ಬಂದರಿಕೆಯ ಕಹಿ ದೋಷವಾಗಿ ಕಾಣುವುದಿಲ್ಲ.

ಸುಲಭದ ಹಸಿರಿಗೂ ಒಂದು ಚರಿತ್ರೆಯಿದೆ. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡೋಮ್, ಒಣಸೀಮೆಗೆ ಉರುವಲು ಆಗಲೆಂದು ಅಮೆರಿಕ ಖಂಡದ ಒಂದು ಜಾಲಿಯ ಬೀಜ ತರಿಸಲು ಸರ್ಕಾರಕ್ಕೆ ಬರೆದರು. ಕಡಪ ಜಿಲ್ಲೆಯಲ್ಲಿ ಮೊದಲು ನೆಟ್ಟ ಆ ಗಿಡಕ್ಕೆ ಕನ್ನಡದಲ್ಲಿ ಉಳಿದ ಹೆಸರು ನಮ್ಮ ಜಿಲ್ಲೆಯದೇ: ಬಳ್ಳಾರಿ ಜಾಲಿ. ಎಂಥ ಕೆಟ್ಟ ನೆಲದಲ್ಲೂ ಅದು ಬೆಳೆಯುತ್ತದೆ, ಸಾರಜನಕ ಸೇರಿಸುತ್ತದೆ, ಒಲೆಗೆ ಸೌದೆ ಕೊಡುತ್ತದೆ. ಜೊತೆಗೆ ಕೆರೆಯಂಗಳ ನುಂಗಿ, ತನ್ನ ನೆರಳಲ್ಲಿ ಹುಲ್ಲು ಹುಟ್ಟದಂತೆ ಮಾಡುತ್ತದೆ. ಕೆಳಗಿನ ಸೂಕ್ಷ್ಮಜೀವಿಗಳ ಸಂಖ್ಯೆ ಹೆಚ್ಚಿದರೂ ಮೇಲಿನ ಕಾಡು ಬಡವಾಗಬಹುದು. ಹಸಿರು ಎಂದರೆ ಒಂದೇ ಅಲ್ಲ ಎಂದು ನಮ್ಮ ಸೀಮೆ ಕಲಿತದ್ದು ಈ ಮುಳ್ಳಿನಿಂದ.

ಕಾಲೇಜಿನ ದಿನಗಳಲ್ಲಿ ನಾನೂ ಒಂದು ಡಂಪಿನ ಮೇಲೆ ಸಸಿ ನೆಟ್ಟಿದ್ದೆ. ಬಸ್ಸಿನಲ್ಲಿ ಕರೆದೊಯ್ದರು, ಗುಂಡಿ ಆಗಲೇ ತೋಡಿತ್ತು, ಫೋಟೋ ಆಯಿತು, ಊಟ ಆಯಿತು. ಟ್ಯಾಂಕರ್ ನೀರು ನಿಂತ ಬೇಸಿಗೆಗೆ ಅವು ಒಣಗಿದವು. ಅಂದು ತಪ್ಪು ನೀರಿನದು ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನಾವು ಮರ ನೆಟ್ಟೆವು, ಆದರೆ ಮರಕ್ಕೆ ಮೊದಲು ಬರಬೇಕಾದವರನ್ನು ಕರೆಯಲಿಲ್ಲ. ಹುಲ್ಲಿಲ್ಲ, ಪೊದೆಯಿಲ್ಲ, ಕಾಡಿನ ಹಿಡಿ ಮಣ್ಣಿಲ್ಲ. ಗಣಿ ಅಗೆಯುವ ಮುನ್ನ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಡಂಪಿನ ಮೇಲೆ ಹರಡಬೇಕು ಎಂಬ ನಿಯಮ ಇರುವುದು ಇದಕ್ಕೇ. ವರ್ಷಗಟ್ಟಲೆ ರಾಶಿ ಹಾಕಿದ ಮೇಲ್ಮಣ್ಣಿನೊಳಗಿನ ಜೀವವೂ ಕುಂದುತ್ತದೆ, ಆದ್ದರಿಂದ ಬೇಗ ಹರಡಬೇಕು.

ಇದು ಮುಗಿದ ಕತೆಯಲ್ಲ. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ವಾರ್ಷಿಕ ಅದಿರು ಮಿತಿಯನ್ನು 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಿತು. ಅದಿರು ಹೆಚ್ಚಿದರೆ ಡಂಪೂ ಹೆಚ್ಚುತ್ತದೆ. ಪುನಶ್ಚೇತನದ ಲೆಕ್ಕ ಎಷ್ಟು ಸಸಿ ನೆಟ್ಟೆವು ಎಂಬಲ್ಲಿಗೇ ನಿಂತರೆ ಬೇಗ ಬೆಳೆಯುವ ಎರಡು ಮೂರು ಜಾತಿಗಳೇ ಗೆಲ್ಲುತ್ತವೆ. ಮಣ್ಣಿನ ಉಸಿರಾಟ, ಸಾವಯವ ಇಂಗಾಲ, ಬೇರಿನ ಶಿಲೀಂಧ್ರ – ಇವನ್ನು ಅಳೆಯುವುದು ಕಷ್ಟವೇನಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಇನ್ನೊಂದಿಲ್ಲ. ಯಾವ ಗಿಡ ಎಲ್ಲಿ ತಾನಾಗಿ ಬಂತು ಎಂದು ಬರೆದಿಡುವುದರಿಂದಲೇ ಶುರು ಮಾಡಬಹುದು. ಕುರಿಗಾಹಿಗಳನ್ನು ಕೇಳಿದರೆ ಪಟ್ಟಿ ಅರ್ಧ ಅಲ್ಲೇ ಸಿದ್ಧವಾಗುತ್ತದೆ.

ಅಂದು ಹೊರಡುವ ಮುನ್ನ ಒಂದು ಬಂದರಿಕೆಯ ಬುಡದ ಮಣ್ಣನ್ನೂ ಎರಡು ಮಾರು ದೂರದ ಬೋಳು ಇಳಿಜಾರಿನ ಮಣ್ಣನ್ನೂ ಕೈಗೆ ತೆಗೆದುಕೊಂಡೆ. ಬೋಳಿನದು ಬೆರಳ ಸಂದಿಯಿಂದ ಸೋರಿತು, ಕೈ ಕೆಂಪಾಯಿತು. ಬುಡದ್ದು ಸ್ವಲ್ಪ ಕಪ್ಪಾಗಿ, ಸಣ್ಣ ಸಣ್ಣ ಹರಳಿನಂತೆ ಅಂಟಿಕೊಂಡು ಕೈಯಲ್ಲೇ ಉಳಿಯಿತು. ಮೂಸಿದರೆ ಮಳೆಯ ವಾಸನೆ. ಹಿರಿಯರು ನೋಡಿ ನಕ್ಕರು, ‘ಏನ್ ಐತಿ ಅದ್ರಾಗ?’ ಎಂದರು. ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಅವರ ಕುರಿಗಳು ಡಂಪಿನ ಇನ್ನೊಂದು ಮಗ್ಗುಲಿಗೆ ಇಳಿದಿದ್ದವು, ಅವರೂ ಹಿಂದೆ ಹೋದರು.