ಭದ್ರಾವತಿಯ ಕುಲುಮೆ: ಎಡವಿದ್ದು, ಬಿದ್ದದ್ದು

ಕನ್ನಡದ ಆಡುನುಡಿಯಲ್ಲಿ ಕಾಲಿಗೆ ಕಲ್ಲು ತಾಗಿದವನು ಎಡವುತ್ತಾನೆ, ಮುಂದಕ್ಕೆ ವಾಲಿ ಹೇಗೋ ಸಾವರಿಸಿಕೊಂಡವನು ಮುಗ್ಗರಿಸುತ್ತಾನೆ. ಉದ್ಯಮದ ಮಾತು ಬಂದಾಗಲಂತೂ ಮೊದಲು ದರ ಬೀಳುತ್ತದೆ, ಕಡೆಗೆ ಬಾಗಿಲಿಗೆ ಬೀಗ ಬೀಳುತ್ತದೆ. ಶಿವಮೊಗ್ಗ ಸೀಮೆಯಲ್ಲಿ ಈ ಮಾತುಗಳ ಅರ್ಥವನ್ನು ತಿಳಿಯಲು ನಿಘಂಟಿಗಿಂತ ಭದ್ರಾವತಿಯ ಚರಿತ್ರೆಯೇ ಹೆಚ್ಚು ನೆರವಾಗುತ್ತದೆ.

ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ, ಬೀರೂರು–ಶಿವಮೊಗ್ಗ ರೈಲು ಮಾರ್ಗ, ಭದ್ರಾ ನದಿಯ ನೀರು, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡನ್ನು ನೆಚ್ಚಿಕೊಂಡು ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಸಂಸ್ಥಾನದಲ್ಲಿ ಕಲ್ಲಿದ್ದಲು ದೊರೆಯದ ಕಾರಣ, ಗಾಳಿಯಾಡದ ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಉಳಿದ ಇದ್ದಿಲನ್ನು ಊದುಕುಲುಮೆಗೆ, ಅಂದರೆ ಬಿಸಿಗಾಳಿ ಊದಿ ಅದಿರನ್ನು ಕರಗಿಸುವ ಕುಲುಮೆಗೆ ಹಾಕಲಾಗುತ್ತಿತ್ತು. ಸೌದೆಯಿಂದ ಎದ್ದ ಆವಿಯನ್ನು ತಣಿಸಿ ಮರದ ಮದ್ಯಸಾರವನ್ನೂ ಟಾರನ್ನೂ ಪಡೆಯಲಾಗುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ದುಬಾರಿ ದರವನ್ನು ಕಂಡು ಹೂಡಿದ್ದ ಈ ಲೆಕ್ಕಾಚಾರವು ಉತ್ಪಾದನೆ ಶುರುವಾಗುವ ಹೊತ್ತಿಗೆ ತಲೆಕೆಳಗಾಗಿ, ಬೀಡುಕಬ್ಬಿಣದ, ಅಂದರೆ ಕುಲುಮೆಯಿಂದ ನೇರವಾಗಿ ಹರಿದು ಅಚ್ಚಿನಲ್ಲಿ ಗಟ್ಟಿಯಾದ ಕಬ್ಬಿಣದ, ಬೆಲೆ ಕುಸಿದಿತ್ತು.

ಕಾರ್ಖಾನೆಯು ಮೊದಲ ಹೆಜ್ಜೆಯಲ್ಲೇ ಎಡವಿತೆನ್ನಬೇಕು. ಆದರೆ ನಷ್ಟವನ್ನು ಹೊರಲು ಸರ್ಕಾರ ಸಿದ್ಧವಿದ್ದುದರಿಂದಲೂ, 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಖರ್ಚಿಗೆ ಬಿಗಿ ಹಿಡಿದುದರಿಂದಲೂ ಅದು ನೆಲ ಕಚ್ಚಲಿಲ್ಲ. ಬರೀ ಬೀಡುಕಬ್ಬಿಣವನ್ನು ನಂಬಿ ಕೂರಲಾಗದೆಂದು ಅರಿತು 1930ರ ದಶಕದಲ್ಲಿ ಉಕ್ಕು, ಸಿಮೆಂಟುಗಳ ತಯಾರಿಕೆಗೂ ಕೈಹಾಕಲಾಯಿತು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆಯು ಸೋಲನ್ನು ಮುಚ್ಚಿಕೊಳ್ಳುವವರನ್ನು ಗೇಲಿ ಮಾಡುವುದಕ್ಕೆ ಹುಟ್ಟಿದ್ದಾದರೂ, ಇಲ್ಲಿ ಜಾರಿದ್ದು ನಿಜಕ್ಕೂ ಪಟ್ಟಾಗಿಯೇ ಪರಿಣಮಿಸಿತು.

ಇದೇ ಊರಿನಲ್ಲಿ 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆಗೆ ಆ ಭಾಗ್ಯ ಒದಗಲಿಲ್ಲ. 2015ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯಾದರೋ, ವಿಶ್ವೇಶ್ವರಯ್ಯನವರ ಹೆಸರು ಪಡೆದು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಮೇಲೂ ಮುಗ್ಗರಿಸುತ್ತಲೇ ನಡೆಯಿತು. ಪ್ರಾಧಿಕಾರವು ಅದನ್ನು ಮುಚ್ಚುವ ತೀರ್ಮಾನವನ್ನು ಪ್ರಕಟಿಸಿದ್ದು 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲಿ. ಕಾರ್ಮಿಕರ ಹೋರಾಟದ ನಡುವೆ, ಅದೇ ವರ್ಷದ ಆಗಸ್ಟ್‌ನಲ್ಲಿ ಸರಳುಗಳನ್ನು ತಯಾರಿಸುವ ವಿಭಾಗವು ಮತ್ತೆ ಚಾಲನೆಗೊಂಡಿತು.