‘ಟೋರಸ್’: ಒಂದು ಪದದ ಅರ್ಥಪಯಣ ಮತ್ತು ಕನ್ನಡ ಪರಿಭಾಷೆ

ಬೆಂಗಳೂರು ದಂಡುಪ್ರದೇಶದ ಈಶಾನ್ಯಕ್ಕಿರುವ ಲಿಂಗರಾಜಪುರದಿಂದ ದಕ್ಷಿಣಕ್ಕೆ ಸಾಗಿದರೆ ಹಲಸೂರಿನ ಸೋಮೇಶ್ವರ ದೇವಾಲಯವಿದೆ. ಅಲ್ಲಿಂದ ಪಶ್ಚಿಮಕ್ಕೆ, ಕಬ್ಬನ್ ಉದ್ಯಾನದಲ್ಲಿ, 1868ರಲ್ಲಿ ಪೂರ್ಣಗೊಂಡ ಅಠಾರ ಕಚೇರಿಯಿದೆ. ಮೊದಲನೆಯದು ದ್ರಾವಿಡ ಶೈಲಿಯದು, ಎರಡನೆಯದು ಗ್ರೀಕ್-ರೋಮನ್ ಶೈಲಿಯದು. ಈ ಎರಡು ವಾಸ್ತುಪರಂಪರೆಗಳಲ್ಲಿಯೂ ತಳಭಾಗದಲ್ಲಿ ದುಂಡಗೆ ಉಬ್ಬಿದ ಪಟ್ಟಿಯನ್ನು ಕಡೆಯುವ ರೂಢಿಯುಂಟು. ಕಂಬದ ಬುಡದ ಅಂತಹ ಪಟ್ಟಿಯನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಜ್ಞ ವಿಟ್ರುವಿಯಸ್ ‘ಟೋರಸ್’ ಎಂದು ಕರೆದನು. ನಮ್ಮ ಶಿಲ್ಪಶಾಸ್ತ್ರದಲ್ಲಿ ಅಧಿಷ್ಠಾನದ ಇಂತಹ ಪಟ್ಟಿಗೆ ‘ಕುಮುದ’ವೆಂದು ಹೆಸರು. ಮುಖಪಟ್ಟಿಗಳಾಗಿ ಕಡೆದುದೂ ಕುಮುದವೇ ಆದುದರಿಂದ, ಟೋರಸ್ಸಿಗೆ ‘ವೃತ್ತಕುಮುದ’ವೇ ನಿಜವಾದ ಸಂವಾದಿ.

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಉಬ್ಬು, ಮೆತ್ತೆ, ಹಾಸಿಗೆ ಎಂಬ ಅರ್ಥಗಳಿದ್ದವು. ಮುಂದೆ ಒಂದೊಂದು ಶಾಸ್ತ್ರವೂ ಇದನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಬಳಸಿಕೊಂಡಿತು. ಸಸ್ಯಶಾಸ್ತ್ರದಲ್ಲಿ ಅದು ಹೂವಿನ ಭಾಗಗಳನ್ನು ಹೊತ್ತ ಪುಷ್ಪಪೀಠ. ತಾವರೆಯ ಮಧ್ಯದಲ್ಲಿ, ಬೀಜಗಳು ಹುದುಗಿರುವ ಭಾಗ ಇದರ ಸುಪರಿಚಿತ ನಿದರ್ಶನ. ವೈದ್ಯಶಾಸ್ತ್ರದಲ್ಲಿ ಅಂಗುಳಿನ ನಡುವೆ ಅಥವಾ ಕೆಳದವಡೆಯ ಒಳಬದಿಯಲ್ಲಿ ಬೆಳೆಯುವ ಮೂಳೆಯುಬ್ಬಿಗೆ ಈ ಹೆಸರಿದೆ. ಅದು ಸಾಮಾನ್ಯವಾಗಿ ನಿರುಪದ್ರವಿ. ಕೃತಕ ದಂತಪಂಕ್ತಿ ಕೂರಿಸಲು ಅಡ್ಡಿಯಾದಾಗ ಮಾತ್ರ ತೆಗೆಯಬೇಕಾಗಬಹುದು. ಮಕ್ಕಳ ಮುಂದೋಳಿನ ಮೂಳೆ ಪೂರ್ತಿ ಮುರಿಯದೆ, ಒತ್ತಡಕ್ಕೆ ಸಿಕ್ಕಿ ಉಬ್ಬಿಕೊಳ್ಳುವುದೂ ‘ಟೋರಸ್ ಮುರಿತ’ವೇ. ಇವಾವುವೂ ಬಳೆಯಾಕಾರದ ವಸ್ತುಗಳಲ್ಲ.

ಗಣಿತದ ಟೋರಸ್ಸಿಗಾದರೋ ನಡುವಿನ ರಂಧ್ರವೇ ಲಕ್ಷಣ. ವೃತ್ತವೊಂದು ತನ್ನ ಸಮತಲದಲ್ಲೇ ಇದ್ದು ತನ್ನನ್ನು ಮುಟ್ಟದಿರುವ ಅಕ್ಷದ ಸುತ್ತ ತಿರುಗಿದಾಗ ಮೂಡುವ ಮೇಲ್ಮೈ ಅದು, ಕೋಡುಬಳೆಯ ಆಕಾರ. 1950ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ರೂಪಿಸಿದ ‘ಟೋಕಮಾಕ್’ ಯಂತ್ರದಲ್ಲಿ ಪ್ಲಾಸ್ಮಾವನ್ನು ಹಿಡಿದಿಡುವ ಕೋಣೆಯೂ ಇದೇ ಆಕಾರದ್ದು.

ಕನ್ನಡದಲ್ಲಿ ವಿಜ್ಞಾನ ಪರಿಭಾಷೆಯನ್ನು ಕಟ್ಟುವ ಯತ್ನಕ್ಕೆ ಶತಮಾನದ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಮಾಸಪತ್ರಿಕೆ ಬೆಂಗಳೂರಿನಲ್ಲಿ ಆರಂಭವಾದುದು 1918ರಲ್ಲಿ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವಿರಬೇಕೆಂಬ ಹಂಬಲ ಪರಿಭಾಷಾಕಾರರಿಗೆ ಸಹಜವಾದುದು. ಆದರೆ ಟೋರಸ್ ಆ ಹಂಬಲಕ್ಕೆ ಎಚ್ಚರಿಕೆಯಾಗಿದೆ. ಎಲ್ಲೆಡೆಯೂ ‘ವಲಯ’ ಅಥವಾ ‘ಕಂಕಣ’ ಎಂದರೆ, ವೈದ್ಯಕೀಯ ವಿದ್ಯಾರ್ಥಿ ಅಂಗುಳಿನಲ್ಲಿ ಇಲ್ಲದ ಉಂಗುರವನ್ನು ಹುಡುಕಬೇಕಾಗುತ್ತದೆ. ಎಲ್ಲೆಡೆಯೂ ‘ಉಬ್ಬು’ ಎಂದರೆ, ಗಣಿತದ ರಂಧ್ರವೇ ಮುಚ್ಚಿಹೋಗುತ್ತದೆ.

ಈ ಎರಡು ಅರ್ಥಗಳು ಒಂದೆಡೆ ಕೂಡುವ ಪದವೊಂದು ಜನಬಳಕೆಯಲ್ಲಿದೆ. ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವ ‘ಸಿಂಬಿ’ ಏಕಕಾಲಕ್ಕೆ ಮೆತ್ತೆಯೂ ಹೌದು, ಬಳೆಯೂ ಹೌದು. ಲ್ಯಾಟಿನ್ ಮೂಲದಿಂದ ಗಣಿತದವರೆಗಿನ ಅಂತರವನ್ನು ವಿವರಿಸಲು ಇದಕ್ಕಿಂತ ಉಚಿತವಾದ ಉಪಮಾನ ದೊರೆಯಲಾರದು. ಆದರೂ ಮೂಳೆಯುಬ್ಬಿಗಾಗಲಿ ಪುಷ್ಪಪೀಠಕ್ಕಾಗಲಿ ಅದು ಹೊಂದುವುದಿಲ್ಲ. ಶಾಸ್ತ್ರಕ್ಕೊಂದರಂತೆ ಪದವನ್ನು ಆರಿಸುವುದು ಪರಿಭಾಷೆಯ ದೌರ್ಬಲ್ಯವಲ್ಲ; ಇಂಗ್ಲಿಷಿನ ಒಂದೇ ಹೆಸರು ಮರೆಮಾಚಿದ ಭೇದಗಳನ್ನು ಅದು ಕಾಣುವಂತೆ ಮಾಡುತ್ತದೆ.