ಬೇಸಿಗೆಯ ಕಾವೇರಿ, ಜಾತ್ರೆ ಮತ್ತು ಯುದ್ಧ

ಬೆಳ್ಳೂರಿನಿಂದ ದಕ್ಷಿಣಕ್ಕೆ ಹೊರಟರೆ ನಾಗಮಂಗಲ, ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಸಿಗುತ್ತೆ. ಶಿವರಾತ್ರಿ ಕಳೆದ ಮೇಲೆ ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಎಲ್ಲಿ ನೋಡಿದರೂ ಜಾತ್ರೆಯೇ. ಫಾಲ್ಗುಣದಲ್ಲಿ ಆದಿಚುಂಚನಗಿರಿಯ ತೇರು, ಮೇಲುಕೋಟೆಯ ವೈರಮುಡಿ, ಯುಗಾದಿ, ಆಮೇಲೆ ಊರೂರಿನ ಮಾರಮ್ಮನ ಹಬ್ಬಗಳು... ರಾಗಿ ಕಣ ಮುಗಿದಿರುತ್ತೆ, ಹುಲ್ಲು ಮೆದೆ ಸೇರಿರುತ್ತೆ, ಎತ್ತುಗಳಿಗೂ ಬಿಡುವು. ಹಳ್ಳಕೊಳ್ಳ ಬತ್ತಿ ಗಾಡಿ ಹೋಗಲು ದಾರಿ ಸಲೀಸು.

ಈ ಬಿಡುವಿನ ತಿಂಗಳುಗಳನ್ನು ಹಿಂದೆ ಇನ್ನೊಂದು ಜಾತಿಯ ಜನ ಕಾಯುತ್ತಿದ್ದರು. ಅವರು ದಂಡನಾಯಕರು! ಪಟ್ಟಣ (ನಮ್ಮ ಕಡೆ ಪಟ್ಟಣ ಅಂದರೆ ಶ್ರೀರಂಗಪಟ್ಟಣವೇ) ಕಾವೇರಿ ನಡುವಿನ ದ್ವೀಪ. ಮುಂಗಾರು ಹಿಡಿದು ಕೊಡಗಿನ ನೀರು ಬಂತೆಂದರೆ ಕೋಟೆಗೆ ಹೊಳೆಯೇ ಕಾವಲು. ಹಾಗಾಗಿ ಮುತ್ತಿಗೆ ಹಾಕುವವರಿಗೆ ಇರುತ್ತಿದ್ದದ್ದು ಮಾಘದಿಂದ ವೈಶಾಖದವರೆಗಿನ ಮೂರು ನಾಲ್ಕು ತಿಂಗಳು ಮಾತ್ರ. ಪಠ್ಯಪುಸ್ತಕದಲ್ಲಿ ಇಸವಿ ಮಾತ್ರ ಓದಿದವರಿಗೆ ಇದು ಹೊಳೆಯುವುದಿಲ್ಲ. ತಿಂಗಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1771ರ ಮಾರ್ಚ್, 1791ರ ಮೇ, 1792ರ ಫೆಬ್ರವರಿ, 1799ರ ಮೇ. ಎಲ್ಲವೂ ತೇರು ಎಳೆಯುವ ಕಾಲ.

ಇವುಗಳಲ್ಲಿ ಮೊದಲನೆಯದನ್ನು ಜನ ಹೆಚ್ಚುಕಮ್ಮಿ ಮರೆತೇ ಬಿಟ್ಟಿದ್ದಾರೆ. 1771ರಲ್ಲಿ ತ್ರ್ಯಂಬಕರಾಯನ ಮರಾಠಾ ಸೈನ್ಯ ಬಂದಾಗ ಹೈದರಾಲಿ ಮೇಲುಕೋಟೆ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿದ್ದ. ಅಲ್ಲಿ ನಿಲ್ಲಲಾಗದೆ ರಾತ್ರೋರಾತ್ರಿ ಪಟ್ಟಣದ ಕಡೆ ಜಾರಿಕೊಳ್ಳಲು ನೋಡಿದ. ನಡುವೆ ಯಾರೋ ಒಂದು ತೋಪು ಹಾರಿಸಿಬಿಟ್ಟರು, ಮರಾಠರು ಎಚ್ಚೆತ್ತರು. ಬೆಳಕು ಹರಿದ ಮೇಲೆ ಚಿನಕುರಳಿ ಗುಡ್ಡಗಳ ಹತ್ತಿರ ಮೈಸೂರು ಸೈನ್ಯ ನುಚ್ಚುನೂರಾಯಿತು. ಹೈದರ್ ಕುದುರೆ ಹತ್ತಿ ಪಟ್ಟಣ ಸೇರಿದ. ಹುಡುಗ ಟಿಪ್ಪು ಫಕೀರನ ವೇಷದಲ್ಲಿ ತಪ್ಪಿಸಿಕೊಂಡು ಬಂದನಂತೆ.

ಆಮೇಲೆ ಮೇಲುಕೋಟೆಯ ಸರದಿ. ಊರವರು ಮೊದಲೇ ಓಡಿಹೋಗಿದ್ದರು. ಒಡವೆ ವಸ್ತು ದೋಚಿದ್ದು ಸಾಲದೆ, ದೇವಸ್ಥಾನದ ದೊಡ್ಡ ದೊಡ್ಡ ಮರದ ರಥಗಳಿಗೆ ಬೆಂಕಿ ಇಟ್ಟರು. ಯಾಕೆ ಗೊತ್ತೇ? ರಥಕ್ಕೆ ಬಡಿದಿದ್ದ ಕಬ್ಬಿಣ ಬಿಚ್ಚಿಕೊಳ್ಳುವುದಕ್ಕೆ! ಬೆಂಕಿ ಹಬ್ಬಿ ಕೆಲವು ಕಟ್ಟಡಗಳೂ ಸುಟ್ಟುಹೋದವು. ಉತ್ಸವಕ್ಕೆ ಇನ್ನು ಕೆಲವು ವಾರಗಳಿರಬಹುದಾದ ಹೊತ್ತಿನಲ್ಲಿ ಚೆಲುವನಾರಾಯಣನಿಗೆ ರಥವೇ ಇಲ್ಲ. ಯುದ್ಧ ಮಾಡಿದ್ದು ಇಬ್ಬರು ದೊರೆಗಳು, ತೇರು ಕಳೆದುಕೊಂಡದ್ದು ಊರು. ಹಿಂದೂ ಸೈನ್ಯ ಮುಸ್ಲಿಂ ಸೈನ್ಯ ಅಂತ ಎರಡೇ ಪೆಟ್ಟಿಗೆ ಇಟ್ಟುಕೊಂಡು ಇತಿಹಾಸ ತುಂಬುವವರು ಚಿನಕುರಳಿಯನ್ನು ಯಾವ ಪೆಟ್ಟಿಗೆಗೆ ಹಾಕುತ್ತಾರೋ ನೋಡಬೇಕು.

ಇನ್ನು ಕಾರ್ನ್‌ವಾಲಿಸ್. 1791ರಲ್ಲಿ ಅವನು ಬಂದದ್ದು ತಡವಾಗಿ. ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವನ್ನು ಹಿಂದಕ್ಕೆ ತಳ್ಳಿದ, ಪಟ್ಟಣದ ಕೋಟೆ ಕಣ್ಣಿಗೆ ಕಾಣುತ್ತಿತ್ತು. ಏನು ಪ್ರಯೋಜನ? ಟಿಪ್ಪು ಸುತ್ತಲಿನ ಮೇವು, ಧಾನ್ಯ ಸುಡಿಸಿದ್ದ. ತೋಪು ಎಳೆಯುವ ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಬಿದ್ದವು, ಮೇಲಿಂದ ಮಳೆ. ಕನ್ನಂಬಾಡಿ ಹತ್ತಿರ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ವಾಪಸು ಹೊರಟ. ಮೇಲುಕೋಟೆ ಕಡೆ ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅವರ ಬಜಾರಿನಲ್ಲಿ ದುಬಾರಿ ಬೆಲೆಗೆ ಕಾಳುಕಡ್ಡಿ ಕೊಂಡು ಸೈನ್ಯದ ಜೀವ ಉಳಿಯಿತು. ಸುಟ್ಟ ಆ ಮೇವು ಯಾರದ್ದು? ಹಳ್ಳಿಯವರದ್ದು. ಅದನ್ನು ಬರೆದಿಟ್ಟ ಲೆಕ್ಕಪುಸ್ತಕ ಇಲ್ಲ.

ಮುಂದಿನ ವರ್ಷ ಅವನು ಪಂಚಾಂಗ ನೋಡಿಕೊಂಡೇ ಬಂದ ಅನ್ನಿ. 1792ರ ಫೆಬ್ರವರಿ ಮೊದಲ ವಾರಕ್ಕೇ ಫ್ರೆಂಚ್ ರಾಕ್ಸ್‌ನಲ್ಲಿ ಡೇರೆ. ಫ್ರೆಂಚ್ ರಾಕ್ಸ್ ಅಂದರೆ ಹಿರೋಡೆ, ಈಗಿನ ಪಾಂಡವಪುರ. ಹೈದರ್, ಟಿಪ್ಪು ಬಳಿ ಚಾಕರಿಗಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಆ ಹೆಸರು. ಫೆಬ್ರವರಿ 6ರ ರಾತ್ರಿ ದಾಳಿಯಲ್ಲಿ ಕರಿಘಟ್ಟದ ಬೆಟ್ಟವೂ ಅವನ ಕೈಸೇರಿತು. ಈಗ ನಾವು ವೆಂಕಟರಮಣನ ದರ್ಶನಕ್ಕೆ ಹತ್ತುವ ಬೆಟ್ಟವೇ ಅದು. ಮಾರ್ಚ್‌ನಲ್ಲಿ ಒಪ್ಪಂದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಳಾಗಿ ಇಬ್ಬರು ಎಳೆ ಮಕ್ಕಳು. ಅದೇ ವರ್ಷ ಮರಾಠರು ನಾಗಮಂಗಲವನ್ನೂ ಹಾಳುಗೆಡವಿದರು.

1799ರ ಕಥೆ ಎಲ್ಲರಿಗೂ ಗೊತ್ತಿರುವುದೇ. ಏಪ್ರಿಲ್ 5ಕ್ಕೆ ಹ್ಯಾರಿಸನ ಸೈನ್ಯ ಕೋಟೆ ಮುಂದೆ ಬಂತು. ಮೇ ಹೊತ್ತಿಗೆ ಅವನ ಉಗ್ರಾಣವೂ ಖಾಲಿಯಾಗುತ್ತಾ ಬಂದಿತ್ತು. ಇನ್ನೊಂದಿಷ್ಟು ದಿನ ದೂಡಿದ್ದರೆ 1791ರ ಗತಿಯೇ ಇವನಿಗೂ ಬರುತ್ತಿತ್ತೋ ಏನೋ. ಮೇ 4, ಚೈತ್ರ ಮುಗಿಯುವ ಹೊತ್ತು, ಮಧ್ಯಾಹ್ನ ಸುಮಾರು ಒಂದು ಗಂಟೆ, ಉರಿಬಿಸಿಲು. ಬೇರ್ಡ್ ಎಂಬವನ ಮುಂದಾಳತ್ವದಲ್ಲಿ ಸೈನಿಕರು ಬಂಡೆಗಳ ನಡುವೆ ಹೊಳೆಯನ್ನು ನಡೆದೇ ದಾಟಿದರು. (ಈ ಬೇರ್ಡ್ ಹಿಂದೆ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು.) ಸಂಜೆಯೊಳಗೆ ಟಿಪ್ಪು ಸತ್ತಿದ್ದ. ಮರುದಿನ ಗುಂಬಜ್‌ನಲ್ಲಿ ದಫನ್ ಆಗುವ ಹೊತ್ತಿಗೆ ಗುಡುಗು ಸಿಡಿಲಿನ ಭಾರಿ ಮಳೆ. ಬರಬೇಕಾದ ಮಳೆ ಒಂದು ದಿನ ತಡವಾಯಿತು ಅಂತ ಹೇಳಬೇಕು ಅನ್ನಿಸುತ್ತೆ. ಒಂದು ಮಳೆಗೆ ಹೊಳೆ ತುಂಬುವುದಿಲ್ಲ ಅನ್ನುವುದು ಬೇರೆ ಮಾತು.

ಆಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪ ಮಾತ್ರ ಕಂಪನಿಯದ್ದಾಯಿತು. ಕೆಲವು ವರ್ಷ ಇಲ್ಲಿ ದಂಡು ಇತ್ತು, ಜ್ವರಕ್ಕೆ ಸಿಪಾಯಿಗಳು ಸಾಯತೊಡಗಿದ ಮೇಲೆ ಅದು ಬೆಂಗಳೂರಿಗೆ ಹೋಯಿತು. ದಂಡು ಹೋದರೂ ದ್ವೀಪ ಬ್ರಿಟಿಷರದ್ದಾಗಿಯೇ ಉಳಿದು, ಮೈಸೂರು ಸರ್ಕಾರ ಅದಕ್ಕೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕಟ್ಟುತ್ತಿತ್ತು. ರಂಗನಾಥನ ಊರಿಗೆ ಬಾಡಿಗೆ! 1881ರಲ್ಲಿ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಮೇಲೆಯೇ ಪಟ್ಟಣ ವಾಪಸು ಬಂದದ್ದು.

ಈಗ ಇಲ್ಲಿಯ ನೆನಪುಗಳಿಗೆ ಮೂರು ಪಂಚಾಂಗ. ಮೇ 4 ಇಂಗ್ಲಿಷ್ ಲೆಕ್ಕ. ಗುಂಬಜ್‌ನ ಉರುಸ್ ಜೀಲ್ಕಾದ್ ತಿಂಗಳಲ್ಲಿ, ಹಿಜರಿ ಲೆಕ್ಕ. ಅದು ವರ್ಷವರ್ಷಕ್ಕೆ ಹಿಂದೆ ಸರಿಯುತ್ತಾ, ಇತ್ತೀಚಿನ ವರ್ಷಗಳಲ್ಲಿ ಬೇಸಿಗೆಗೇ ಬಂದಿದೆ. ವೈರಮುಡಿಯದ್ದು ನಕ್ಷತ್ರದ ಲೆಕ್ಕ. ಆ ದಿನ ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಪೊಲೀಸ್ ಕಾವಲಿನಲ್ಲಿ ಹೊರಟು, ಹಳ್ಳಿಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಸಂಜೆಗೆ ಮೇಲುಕೋಟೆ ಸೇರುತ್ತೆ. ರಾತ್ರಿ ಮುಡಿ ಧರಿಸಿ ಚೆಲುವನಾರಾಯಣ ಬೀದಿಗೆ ಬರುವಾಗ ಕಾಲಿಡಲು ಜಾಗ ಇರುವುದಿಲ್ಲ. 1771ರಲ್ಲಿ ರಥ ಸುಟ್ಟ ಊರಿನಲ್ಲೇ ಈ ಜನಸಾಗರ.

ವೈರಮುಡಿಗೆ ಹೋದವರು ಮರುದಿನ ಸೀದಾ ಮನೆಗೆ ಹೊರಡಬೇಡಿ, ಪಟ್ಟಣಕ್ಕೂ ಒಂದು ಸುತ್ತು ಬನ್ನಿ. ದರಿಯಾ ದೌಲತ್, ಗುಂಬಜ್ ಹೇಗೂ ನೋಡುತ್ತೀರಿ. ಬಿಸಿಲೇರುವ ಮೊದಲು ಕೋಟೆಯ ಪಶ್ಚಿಮದ ಮೂಲೆಗೆ ನಡೆಯಿರಿ. ಗೋಡೆ ಒಡೆದ ಜಾಗದ ಹತ್ತಿರ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಂಬವಿದೆ, ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಸೇನೆಯ ಅಧಿಕಾರಿಗಳ ನೆನಪಿಗೆ. ಕೋಟೆ ಕಾಯುತ್ತಾ ಸತ್ತವರ ಹೆಸರು ಅದರಲ್ಲಿ ಹುಡುಕಬೇಡಿ. ಅಲ್ಲಿಂದ ಕೆಳಗೆ ನೋಡಿದರೆ ಹೊಳೆ. ಕನ್ನಂಬಾಡಿ ಕಟ್ಟೆ ಆದ ಮೇಲೆ ಅದರ ನೀರು ಮಳೆಗಿಂತ ಹೆಚ್ಚಾಗಿ ತೂಬಿನ ಮಾತು ಕೇಳುತ್ತೆ. ಕಾರ್ನ್‌ವಾಲಿಸ್ ತೋಪು ಒಡೆದುಹಾಕಿದ ಸೀಮೆಯಲ್ಲೇ ಆ ಕಟ್ಟೆ ನಿಂತಿರುವುದು. ತೂಬು ಮುಚ್ಚಿರುವ ದಿನವಾದರೆ ಹೊಳೆಯ ಬಂಡೆಗಳೆಲ್ಲ ಬಿಟ್ಟುಕೊಂಡಿರುತ್ತವೆ. 1799ರಲ್ಲಿ ದಾಟಿದ ದೂರ ಎಷ್ಟೆಂದು ಕಣ್ಣಳತೆಯಲ್ಲೇ ತಿಳಿಯುತ್ತೆ.